ಕಾನೂನು ಪ್ರಶ್ನೋತ್ತರ: ಬಾರ್ ಕೌನ್ಸಿಲ್ ನೋಟಿಸ್ ಬಂದ ವಕೀಲರು ಯಾರ ಹತ್ತಿರ ಹೋಗಬೇಕು?

ಈ ಸಲ ಒಂದೇ ವಿಷಯದ ಐದು ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ದಿನಾ ಬೇರೆಯವರ ಪರ ನಿಂತು ವಾದ ಮಾಡುವವರು ವಕೀಲರ ನೋಂದಣಿ, ಶಿಸ್ತು ನೋಡಿಕೊಳ್ಳುವ ಬಾರ್ ಕೌನ್ಸಿಲ್‌ಗೆ ತಮ್ಮ ಮೇಲೇ ದೂರು ಹೋದಾಗ ಯಾರನ್ನು ಕೇಳಬೇಕು ಅಂತ ತೋಚದೆ ಒಳಗೊಳಗೇ ಕೊರಗುತ್ತಾರೆ. ಮೊದಲ ಪತ್ರಕ್ಕೆ ಉದ್ದದ ಉತ್ತರ ಬರೆದಿದ್ದೇನೆ, ಯಾಕೆಂದರೆ ಅವರ ವಿಷಯದಲ್ಲಿ ಇನ್ನೂ ಏನೂ ಕೈಮೀರಿಲ್ಲ.

ಪ್ರಶ್ನೆ: ನಾನು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ 11 ವರ್ಷದಿಂದ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಆಸ್ತಿ ಪಾಲಿನ ಒಂದು ದಾವೆ, ನಾನು ಆಸ್ಪತ್ರೆಯಲ್ಲಿದ್ದಾಗ ನಮ್ಮ ಕಡೆಯಿಂದ ಯಾರೂ ಹಾಜರಾಗದೆ ವಜಾ ಆಯಿತು. ಜೂನಿಯರ್‌ಗೆ ಹೇಳಿದ್ದೆ, ಅವನು ಬೇರೆ ಕೋರ್ಟ್ ಹಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದ. ಹಣ ತೆಗೆದುಕೊಂಡು ರಸೀದಿ ಕೊಟ್ಟಿಲ್ಲ, ಕೇಸ್ ಬೇಕಂತಲೇ ಬಿಟ್ಟರು, ಕಾಗದಪತ್ರ ವಾಪಸ್ ಕೊಡುತ್ತಿಲ್ಲ ಎಂದು ಕಕ್ಷಿದಾರರು ಈಗ ರಾಜ್ಯ ಬಾರ್ ಕೌನ್ಸಿಲ್‌ಗೆ ದೂರು ಕೊಟ್ಟಿದ್ದಾರೆ. ಬಾಕಿ ಫೀಸ್ ಬರಲಿ ಅಂತ ಫೈಲ್ ಇಟ್ಟುಕೊಂಡಿರುವುದು ನಿಜ. ದೂರಿನ ಪ್ರತಿ ಕಳಿಸಿ ನನ್ನ ವಿವರಣೆ ಕೇಳಿದ್ದಾರೆ. 'ಎಲ್ಲಾ ಸುಳ್ಳು ಅಂತ ಒಂದು ಸಾಲು ಬರೆದು ಕಳಿಸು' ಅನ್ನುತ್ತಾರೆ ನನ್ನ ಹಳೆಯ ಸೀನಿಯರ್. ಹಣ ಕೊಟ್ಟು ಮುಗಿಸಿಬಿಡು ಅನ್ನುತ್ತಾರೆ ಯಜಮಾನರು. ನಾನೇ ವಕೀಲೆ, ನನಗೆ ಇನ್ನೊಬ್ಬ ವಕೀಲರು ಬೇಕಾ? ಬೇಕು ಅಂದರೂ ಕಾರಿಡಾರಿನಲ್ಲಿ ದಿನಾ ನೋಡುವ ಮುಖಗಳ ಮುಂದೆ ಇದನ್ನು ಹೇಗೆ ಹೇಳಲಿ? — ಹೆಸರು ಬೇಡ, ರಾಜಾಜಿನಗರ

ಉತ್ತರ: ಬೇಕು ಮೇಡಂ. ಆ ವಿವರಣೆಯ ಮೊದಲ ಸಾಲು ಬರೆಯುವ ಮುಂಚೆಯೇ ಬೇಕು. ನನ್ನ ಉತ್ತರದಲ್ಲಿ ಬೇರೆ ಏನು ಮರೆತರೂ ಇದನ್ನು ಮಾತ್ರ ಮರೆಯಬೇಡಿ.

ನೀವೀಗ ಎಲ್ಲಿ ನಿಂತಿದ್ದೀರಿ ಅಂತ ಮೊದಲು ನೋಡೋಣ. ನಿಮ್ಮ ವಿಷಯ ಇನ್ನೂ ಶಿಸ್ತು ಸಮಿತಿಗೆ ಹೋಗಿಲ್ಲ. ದೂರು ಬಂದರೆ ಬಾರ್ ಕೌನ್ಸಿಲ್ ದೂರುದಾರರಿಂದ ಹೆಚ್ಚಿನ ವಿವರ ಕೇಳಬಹುದು, ವಕೀಲರ ವಿವರಣೆಯನ್ನೂ ಕೇಳಬಹುದು. ಅದನ್ನೆಲ್ಲ ನೋಡಿದ ಮೇಲೆ 'ಇಲ್ಲಿ ದುರ್ನಡತೆ ನಡೆದಿದೆ ಎಂದು ನಂಬಲು ಕಾರಣ ಇದೆ' ಅನ್ನಿಸಿದರೆ ಮಾತ್ರ 1961ರ ವಕೀಲರ ಕಾಯ್ದೆಯ 35ನೇ ಕಲಮಿನ ಕೆಳಗೆ ಶಿಸ್ತು ಸಮಿತಿಗೆ ಕಳಿಸುತ್ತದೆ. ಅಂದರೆ ಈ ಬಾಗಿಲಲ್ಲೇ ವಿಷಯ ಮುಗಿಯುವ ಅವಕಾಶ ನಿಮಗಿದೆ. 'ಎಲ್ಲಾ ಸುಳ್ಳು' ಎಂಬ ಒಂದೇ ಸಾಲು ಬರೆದರೆ ಆ ಅವಕಾಶ ಸುಮ್ನೆ ಕೈಬಿಟ್ಟ ಹಾಗೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಫೈಲ್ ನಿಮ್ಮ ಹತ್ತಿರ ಇರುವುದು ನಿಜ ಎಂದು ನೀವೇ ಬರೆದಿದ್ದೀರಿ. 'ಎಲ್ಲಾ ಸುಳ್ಳು' ಅಂದಮೇಲೆ ಇದೊಂದು ನಿಜ ಎಂದು ಸಾಬೀತಾದರೆ, ನಿಮ್ಮ ಉಳಿದ ಮಾತುಗಳನ್ನೂ ಯಾರೂ ನಂಬುವುದಿಲ್ಲ. ಈಗ ನೀವು ಬರೆಯುವ ಪ್ರತಿ ಪದವೂ ಕಡತದಲ್ಲಿ ಉಳಿಯುತ್ತದೆ, ವಿಷಯ ಮೇಲ್ಮನವಿಯಲ್ಲಿ ದೆಹಲಿವರೆಗೆ ಹೋದರೆ ಅಲ್ಲಿಗೂ ಜೊತೆಯಲ್ಲೇ ಹೋಗುತ್ತದೆ.

ಹಾಗಾದರೆ ನೀವೇ ಯಾಕೆ ಬರೆಯಬಾರದು? ನಿಯಮದಲ್ಲಿ ಅಡ್ಡಿಯಿಲ್ಲ. ಶಿಸ್ತು ಸಮಿತಿಯ ಮುಂದೆ ಖುದ್ದಾಗಿ ಹಾಜರಾಗಬಹುದು, ವಕೀಲರ ಮೂಲಕವೂ ಹಾಜರಾಗಬಹುದು. ಆದರೆ ಈ ಪ್ರಕರಣದಲ್ಲಿ ಆಸ್ಪತ್ರೆಯಲ್ಲಿ ಇದ್ದವರು ನೀವು, ಹಣ ತೆಗೆದುಕೊಂಡವರು ನೀವು, ಜೂನಿಯರ್‌ಗೆ ಹೇಳಿದವರೂ ನೀವೇ. ನಾಳೆ ಪಾಟೀ ಸವಾಲು ಎದುರಿಸಬೇಕಾದ ಮುಖ್ಯ ಸಾಕ್ಷಿಯೂ ನೀವೇ. ನಿಮ್ಮ ಕಕ್ಷಿದಾರರೊಬ್ಬರು ಹೀಗೆ ತಾವೇ ವಾದ ಮಾಡುತ್ತೇನೆ ಅಂತ ಬಂದಿದ್ದರೆ ನೀವು ಒಪ್ಪುತ್ತಿದ್ದಿರಾ? ಜೊತೆಗೆ ಸಿಟ್ಟು ಬೇರೆ ಇರುತ್ತದೆ. ಯಾರಿಗಾಗಿ ಹಗಲು ರಾತ್ರಿ ದುಡಿದೆನೋ ಅದೇ ಮನುಷ್ಯ ಹೀಗೆ ಬರೆದನಲ್ಲಾ ಎಂಬ ನೋವು ನಿಮ್ಮ ವಿವರಣೆಯ ತುಂಬಾ ಹರಡಿಕೊಳ್ಳುತ್ತದೆ. ಸಮಿತಿಗೆ ಆ ನೋವು ಬೇಡ, ಅದಕ್ಕೆ ತಾರೀಖು ಬೇಕು, ಕಾಗದ ಬೇಕು.

ಇನ್ನು ಯಾರನ್ನು ಹುಡುಕಬೇಕು ಅನ್ನುವುದು. ಇಲ್ಲಿ ಜಾಸ್ತಿ ಜನ ಎಡವುತ್ತಾರೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ದೊಡ್ಡ ಹೆಸರಿನ ಕ್ರಿಮಿನಲ್ ವಕೀಲರು ಬೇಕು ಎಂದು ಎಷ್ಟೋ ಜನಕ್ಕೆ ಅನ್ನಿಸುತ್ತದೆ. ಆದರೆ ಶಿಸ್ತು ಸಮಿತಿಯ ವಿಚಾರಣೆ ನಡೆಯುವ ರೀತಿಯೇ ಬೇರೆ. ಅಲ್ಲಿ ಮೂವರು ಕೂತಿರುತ್ತಾರೆ, ಇಬ್ಬರು ಕೌನ್ಸಿಲ್‌ನ ಸದಸ್ಯರು, ಒಬ್ಬರು ಹೊರಗಿನ ವಕೀಲರು. ಸಾಮಾನ್ಯವಾಗಿ ದಾಖಲೆ ಮತ್ತು ಅಫಿಡವಿಟ್ ಮೇಲೆಯೇ ತೀರ್ಮಾನ. ಬಾಯಿ ಸಾಕ್ಷ್ಯ ಬೇಕು ಎಂದು ಸಮಿತಿಗೆ ಅನ್ನಿಸಿದರೆ ಆದಷ್ಟೂ ಸಿವಿಲ್ ದಾವೆಯ ವಿಚಾರಣೆಯ ಕ್ರಮವನ್ನೇ ಅನುಸರಿಸುತ್ತಾರೆ. ಸಾಕ್ಷಿಗಳನ್ನು ಕರೆಸುವುದು, ದಾಖಲೆ ತರಿಸುವುದು, ಇಂಥ ವಿಷಯಗಳಲ್ಲಿ ಸಮಿತಿಗೆ ಸಿವಿಲ್ ಕೋರ್ಟಿನ ಅಧಿಕಾರವೇ ಇದೆ. ಹಾಗಾಗಿ ಕಾಗದವನ್ನು ತಾಳ್ಮೆಯಿಂದ ಜೋಡಿಸುವ ಒಳ್ಳೆಯ ಸಿವಿಲ್ ವಕೀಲರು ನಿಮಗೆ ಹೆಚ್ಚು ಉಪಯೋಗ. ನನ್ನನ್ನು ಕೇಳಿದರೆ ಇನ್ನೂ ಒಂದು ಗುಂಪಿನ ಕಡೆ ನೋಡಿ ಅನ್ನುತ್ತೇನೆ: ಸರ್ವೀಸ್ ಮ್ಯಾಟರ್ ಮಾಡುವವರು, ಅಂದರೆ ಸರ್ಕಾರಿ ನೌಕರರ ಇಲಾಖಾ ವಿಚಾರಣೆ, ಕೆಎಟಿ (ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ) ಕೇಸುಗಳನ್ನು ನಡೆಸುವವರು. ಆರೋಪ ಸ್ಪಷ್ಟವಾಗಿದೆಯಾ, ಉತ್ತರ ಕೊಡಲು ಸರಿಯಾದ ಅವಕಾಶ ಸಿಕ್ಕಿತಾ, ತಪ್ಪಿಗೆ ತಕ್ಕಷ್ಟೇ ಶಿಕ್ಷೆಯಾ ಎಂಬುದು ಅವರ ದಿನನಿತ್ಯದ ಕೆಲಸ. ನಿಮ್ಮ ಕೇಸ್ ನಿಲ್ಲುವುದೂ ಬೀಳುವುದೂ ಇದೇ ಮೂರರ ಮೇಲೆ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಸುಪ್ರೀಂ ಕೋರ್ಟಿಗೆ ಹೋದ ಬೆಂಗಳೂರಿನದೇ ಒಂದು ಹಳೆಯ ಪ್ರಕರಣವಿದೆ. ಕಕ್ಷಿದಾರರ ಸೂಚನೆ ಇಲ್ಲದೆ ದಾವೆ ವಾಪಸ್ ತೆಗೆದುಕೊಂಡರು ಎಂದು ಒಬ್ಬ ವಕೀಲರ ಮೇಲೆ ಆರೋಪ. ಶಿಕ್ಷೆಯೂ ಆಗಿತ್ತು. 1988ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಹಾಗೆಯೇ ಬಿಡಲಿಲ್ಲ. ನಡೆಯುವ ಕ್ರಮ ಸಿವಿಲ್ ದಾವೆಯಂತಿದ್ದರೂ ಈ ವಿಚಾರಣೆಗೆ ಒಂದು ಮಟ್ಟಿಗೆ ಕ್ರಿಮಿನಲ್ ಪ್ರಕರಣದ ಸ್ವರೂಪವಿದೆ, ವಕೀಲರಿಗೆ ಅವರ ಮೇಲಿನ ಆರೋಪ ಏನು ಎಂದು ಸ್ಪಷ್ಟವಾಗಿ ಹೇಳಲೇಬೇಕು, ಅನುಮಾನದ ಲಾಭವೂ ಸಿಗಬೇಕು ಎಂದಿತು. ತೀರ್ಪು ಪ್ರಕಟವಾದಾಗ ಆ ವಕೀಲರ ಹೆಸರನ್ನೇ ಹಾಕಲಿಲ್ಲ, 'ಒಬ್ಬ ವಕೀಲರು' ಎಂದಷ್ಟೇ ಇದೆ. ಇದಕ್ಕೂ ಹಿಂದೆ, 1963ರಲ್ಲೇ, ಬರೀ ನಿರ್ಲಕ್ಷ್ಯ ಬೇರೆ, ನೀತಿಗೆಟ್ಟ ನಡತೆ ಬೇರೆ ಎಂದು ಅದೇ ಕೋರ್ಟ್ ಹೇಳಿತ್ತು. ಆಸ್ಪತ್ರೆಯಲ್ಲಿದ್ದ ದಿನ ಒಂದು ದಾವೆ ವಜಾ ಆಗುವುದಕ್ಕೂ, ಬೇಕಂತಲೇ ಕೇಸ್ ಬಿಡುವುದಕ್ಕೂ ಇರುವ ದೂರ ಅದೇ ಅಲ್ವಾ? ಈ ಗೆರೆಯನ್ನು ನಿಮ್ಮ ವಿವರಣೆಯಲ್ಲೇ ಎಳೆಯಬಲ್ಲವರನ್ನು ಹುಡುಕಿ.

ಹುಡುಕುವುದು ಹೇಗೆ? ಕಾರಿಡಾರಿನಲ್ಲಿ ಕೇಳಬೇಕಾಗಿಲ್ಲ. ಹೈಕೋರ್ಟಿನ ತೀರ್ಪುಗಳು ಇಂಟರ್ನೆಟ್‌ನಲ್ಲೇ ಸಿಗುತ್ತವೆ. ಕರ್ನಾಟಕ ರಾಜ್ಯ ಬಾರ್ ಕೌನ್ಸಿಲ್ ಎದುರುದಾರರಾಗಿರುವ ರಿಟ್ ಅರ್ಜಿಗಳನ್ನು ಹುಡುಕಿ ನೋಡಿ. ಪ್ರತಿ ಆದೇಶದ ಮೇಲೂ ಅರ್ಜಿದಾರರ ಪರ ಯಾರು ಹಾಜರಾದರು ಎಂದು ಬರೆದಿರುತ್ತದೆ. ಒಂದು ಸಂಜೆ ಕೂತು ಓದಿದರೆ ಈ ವಿಷಯ ಗೊತ್ತಿರುವ ನಾಲ್ಕಾರು ಹೆಸರು ಸಿಗುತ್ತವೆ, ಯಾರಿಗೂ ಸುದ್ದಿ ಮುಟ್ಟುವುದಿಲ್ಲ. ನೀವು ಸಿಟಿ ಸಿವಿಲ್ ಕೋರ್ಟಿನವರು, ಆದ್ದರಿಂದ ಹೈಕೋರ್ಟಿನಲ್ಲೋ ಮೇಯೋ ಹಾಲ್ ಕೋರ್ಟುಗಳ ಕಡೆಯೋ ಕೆಲಸ ಮಾಡುವವರಾದರೆ ಒಳ್ಳೆಯದು. ದಿನಾ ಒಂದೇ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುವವರ ಮುಂದೆ ನಿಮಗೂ ಬಿಚ್ಚಿ ಮಾತಾಡಲು ಆಗುವುದಿಲ್ಲ, ಅವರಿಗೂ ನಿಷ್ಠುರವಾಗಿ 'ಇದು ನಿಮ್ಮ ತಪ್ಪು' ಅನ್ನಲು ಆಗುವುದಿಲ್ಲ.

ಕೆಲವರನ್ನು ಮಾತ್ರ ಹತ್ತಿರ ಸೇರಿಸಬೇಡಿ. ಈಗ ಬಾರ್ ಕೌನ್ಸಿಲ್‌ನ ಸದಸ್ಯರಾಗಿರುವವರು ಬೇಡ, ದೂರು ಬರುವುದು ಅವರ ಮುಂದೆಯೇ. ದೂರುದಾರರ ಹೊಸ ವಕೀಲರ ಜೊತೆ ಆಫೀಸ್ ಹಂಚಿಕೊಂಡಿರುವವರು ಬೇಡ. ಆ ಪಾಲಿನ ದಾವೆಯಲ್ಲಿ ಯಾವ ಕಡೆಯಿಂದಾದರೂ ಕಾಣಿಸಿಕೊಂಡವರು ಬೇಡ. ನಿಮ್ಮ ಹಳೆಯ ಸೀನಿಯರ್ ಕೂಡ ಬೇಡ ಅನ್ನುತ್ತೇನೆ, ಅವರ ಮೇಲೆ ಎಷ್ಟೇ ಗೌರವವಿದ್ದರೂ ಸರಿ. ಮತ್ತು 'ಒಳಗೆ ನನಗೆ ಜನ ಗೊತ್ತು, ಮಾತಾಡಿ ಮುಗಿಸುತ್ತೇನೆ' ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅವರಿಂದ ನಿಮಗೆ ಎರಡನೇ ದೂರು ಬರಬಹುದು, ಅದು ಈಗಿನದಕ್ಕಿಂತ ದೊಡ್ಡದಾಗಿರುತ್ತದೆ.

ಮೊದಲ ಭೇಟಿಗೆ ಹೋಗುವಾಗ ನೋಟಿಸ್ ಮತ್ತು ಅದು ಬಂದ ಲಕೋಟೆ, ಆ ದಾವೆಯ ಪೂರ್ತಿ ಆರ್ಡರ್ ಶೀಟ್, ನಿಮ್ಮ ಡೈರಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಕಕ್ಷಿದಾರರ ಜೊತೆಗಿನ ವಾಟ್ಸಾಪ್ ಮಾತುಕತೆ ತೆಗೆದುಕೊಂಡು ಹೋಗಿ. ವಾಟ್ಸಾಪ್‌ನಲ್ಲಿ ನಿಮಗೆ ಬೇಕಾದಷ್ಟನ್ನು ಮಾತ್ರ ಆರಿಸಿ ಸ್ಕ್ರೀನ್‌ಶಾಟ್ ತೆಗೆಯಬೇಡಿ, ಮೊದಲಿನಿಂದ ಕೊನೆವರೆಗೆ ತೋರಿಸಿ. ನಿಮಗೆ ಮುಜುಗರ ಆಗುವ ಮೆಸೇಜನ್ನು ನಿಮ್ಮ ವಕೀಲರು ಮೊದಲು ನೋಡಬೇಕು, ಎದುರು ಕಡೆಯವರು ಹಾಜರುಪಡಿಸಿದಾಗ ನೋಡುವ ಹಾಗೆ ಆಗಬಾರದು. ಏನನ್ನೂ ಅಳಿಸಬೇಡಿ. ದಯವಿಟ್ಟು, ಹಿಂದಿನ ತಾರೀಖು ಹಾಕಿ ರಸೀದಿ ಬರೆಯುವ ಯೋಚನೆ ಕನಸಿನಲ್ಲೂ ಬೇಡ. ರಸೀದಿ ಕೊಡದೇ ಇದ್ದದ್ದಕ್ಕೆ ಉತ್ತರ ಹೇಳಬಹುದು, ಸುಳ್ಳು ರಸೀದಿಗೆ ಯಾರೂ ಉತ್ತರ ಹೇಳಲಾರರು. ಕಕ್ಷಿದಾರರ ಹಣಕ್ಕೆ ಲೆಕ್ಕ ಇಡಬೇಕು, ಕೇಳಿದಾಗ ಪ್ರತಿ ಕೊಡಬೇಕು ಎಂಬುದು ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮದಲ್ಲೇ ಇದೆ. ಬ್ಯಾಂಕ್ ದಾಖಲೆ, ಕೋರ್ಟ್ ಫೀ ಕಟ್ಟಿದ ದಾಖಲೆ, ಡೈರಿ ಇಟ್ಟುಕೊಂಡು ಪ್ರಾಮಾಣಿಕವಾದ ಒಂದು ಲೆಕ್ಕದ ಪಟ್ಟಿಯನ್ನು ಈಗಲಾದರೂ ಮಾಡಿ, ಅದರ ಮೇಲೆ ಇವತ್ತಿನ ತಾರೀಖನ್ನೇ ಹಾಕಿ. ಕಕ್ಷಿದಾರರು ನಿಮ್ಮನ್ನು ನಂಬಿ ಹೇಳಿದ ಮನೆಯ ಗುಟ್ಟುಗಳು ಕೂಡ ಆ ಫೈಲಿನಲ್ಲಿ ಇರುತ್ತವೆ. ಆರೋಪಕ್ಕೆ ಉತ್ತರ ಕೊಡಲು ಎಷ್ಟು ಬೇಕೋ ಅಷ್ಟನ್ನೇ ಹೊರಗೆ ತೆಗೆಯಿರಿ. ಸಿಟ್ಟಿನಲ್ಲಿ ಅವರ ಅಣ್ಣತಮ್ಮಂದಿರ ಜಗಳವನ್ನೆಲ್ಲ ವಿವರಣೆಯಲ್ಲಿ ತುಂಬಿದರೆ, ಕಕ್ಷಿದಾರರ ಗುಟ್ಟು ಬಯಲು ಮಾಡಿದರು ಎಂಬ ಹೊಸ ಆರೋಪಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ.

ಈಗ ಫೈಲ್ ವಿಷಯ. ಇದರಲ್ಲಿ ನೀವು ತಪ್ಪು ಜಾಗದಲ್ಲಿ ನಿಂತಿದ್ದೀರಿ ಮೇಡಂ. ಫೀಸ್ ಬಾಕಿ ಇದೆ ಎಂದು ಕಕ್ಷಿದಾರರ ಕಾಗದಪತ್ರ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2000ನೇ ಇಸವಿಯಲ್ಲೇ ಖಚಿತವಾಗಿ ಹೇಳಿದೆ. ಹಾಗೆ ಇಟ್ಟುಕೊಂಡದ್ದು ದುರ್ನಡತೆಯೇ ಎಂದೂ ಹೇಳಿದೆ. ಆ ಪ್ರಕರಣದ ವಕೀಲರ ಸನ್ನದು (ವಕೀಲಿ ಮಾಡುವ ಪರವಾನಗಿ) ಅಮಾನತಾಗಿತ್ತು. ಕಾನೂನು ಆಗ ಸ್ಪಷ್ಟವಾಗಿರಲಿಲ್ಲ ಎಂಬಂಥ ಕಾರಣಗಳಿಂದ ಕೋರ್ಟ್ ಅದನ್ನು ಛೀಮಾರಿಗೆ ಇಳಿಸಿತು. ಈಗ ಆ ಮಾತು ಹೇಳಲು ಆಗುವುದಿಲ್ಲ. ಬಾಕಿ ಫೀಸಿಗೆ ದಾವೆ ಹೂಡಬಹುದು, ಫೈಲ್ ಮಾತ್ರ ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ವಕೀಲರನ್ನು ಗೊತ್ತು ಮಾಡಿದ ತಕ್ಷಣ ಅವರ ಕೈಲಿ ಮಾಡಿಸಬೇಕಾದ ಮೊದಲ ಕೆಲಸ ಇದು: ಎಲ್ಲಾ ಕಾಗದಗಳ ಪಟ್ಟಿ ಮಾಡಿ, ನಿಮಗೊಂದು ನಕಲು ಇಟ್ಟುಕೊಂಡು, ಮೂಲ ಕಾಗದಗಳನ್ನು ಅವರ ಮೂಲಕ ವಾಪಸ್ ಕೊಟ್ಟು ಸಹಿ ತೆಗೆದುಕೊಳ್ಳುವುದು. ದೂರು ವಾಪಸ್ ತೆಗೆದುಕೊಳ್ಳಿ ಎಂಬ ಷರತ್ತು ಹಾಕಬೇಡಿ.

ಆ ಕಕ್ಷಿದಾರರ ದಾವೆಯ ಗತಿ ಏನಾಯಿತು ಅಂತ ನೀವು ಬರೆದಿಲ್ಲ. ವಾದಿ ಗೈರುಹಾಜರಾಗಿ ವಜಾ ಆದ ದಾವೆಯನ್ನು ಮತ್ತೆ ಕಡತಕ್ಕೆ ತರಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದಲ್ಲಿ ದಾರಿ ಇದೆ, 30 ದಿನದ ಅವಧಿ. ಅದು ಮೀರಿದ್ದರೆ ವಿಳಂಬ ಮನ್ನಿಸಿ ಎಂದು ಜೊತೆಗೊಂದು ಅರ್ಜಿ ಹಾಕಬೇಕು, ನಿಮ್ಮ ಡಿಸ್ಚಾರ್ಜ್ ಸಮ್ಮರಿ ಅಲ್ಲಿ ಅವರಿಗೇ ಬೇಕಾಗುತ್ತದೆ. ಹೊಸ ವಕೀಲರು ಅರ್ಜಿ ಹಾಕುತ್ತಿದ್ದರೆ ನಿಮ್ಮ ಗೈರುಹಾಜರಿಯ ಕಾರಣ ಹೇಳುವ ಅಫಿಡವಿಟ್ ಕೊಡಲು ಸಿದ್ಧ ಎಂದು ನಿಮ್ಮ ವಕೀಲರ ಮೂಲಕ ತಿಳಿಸಿ. ಆ ಮನುಷ್ಯರ ಪಾಲಿನ ಆಸ್ತಿ ಉಳಿಯಬೇಕು. ನಿಮ್ಮ ಸನ್ನದಿನ ಚಿಂತೆಯ ನಡುವೆ ಇದು ಮರೆಯಬಾರದು.

ಹಣ ವಾಪಸ್ ಕೊಡುವ ಬಗ್ಗೆ: ಕೆಲಸ ಮಾಡದ ಭಾಗದ ಫೀಸ್ ಇದ್ದರೆ ಅದನ್ನು ಹಿಂತಿರುಗಿಸುವುದು ನ್ಯಾಯ, ಕೊಡಿ. ಆದರೆ ಅಲ್ಲಿಗೆ ಮುಗಿಯುತ್ತದೆ ಎಂದು ಯಜಮಾನರು ಅಂದುಕೊಂಡಿದ್ದರೆ ಅದು ಸರಿಯಲ್ಲ. ದೂರುದಾರರು ವಾಪಸ್ ತೆಗೆದುಕೊಂಡರು, ರಾಜಿ ಆಯಿತು ಎಂಬ ಒಂದೇ ಕಾರಣಕ್ಕೆ ಶಿಸ್ತಿನ ವಿಚಾರಣೆಯನ್ನು ಕೈಬಿಡುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ಇದು ಇಬ್ಬರ ನಡುವಿನ ಹಣದ ತಕರಾರು ಮಾತ್ರವಲ್ಲ, ವೃತ್ತಿಯ ನಡತೆಯ ವಿಷಯ.

ಫೀಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಕೀಲರೇ ವಕೀಲರಿಗೆ ಫೀಸ್ ಕೊಡುವುದು ಅಂದರೆ ನಮ್ಮಲ್ಲಿ ಇಬ್ಬರಿಗೂ ಸಂಕೋಚ. 'ಬಿಡಿ ಮೇಡಂ, ನಮ್ಮವರೇ ಅಲ್ವಾ' ಅನ್ನುತ್ತಾರೆ, ಆಮೇಲೆ ಅವರ ಫೀಸ್ ಕೊಡುವ ಕೇಸುಗಳ ಮಧ್ಯೆ ನಿಮ್ಮದು ಹಿಂದೆ ಬೀಳುತ್ತದೆ. ವಿವರಣೆ ಬರೆಯಲು ಎಷ್ಟು, ಸಮಿತಿಗೆ ಹೋದರೆ ಪ್ರತಿ ದಿನಕ್ಕೆ ಎಷ್ಟು, ಮೇಲ್ಮನವಿ ಬೇರೆಯಾ ಎಂದು ಬಾಯಿಬಿಟ್ಟು ಕೇಳಿ, ಬರೆದುಕೊಳ್ಳಿ, ಬ್ಯಾಂಕ್ ಮೂಲಕ ಕೊಡಿ. ಕೈ ಕಟ್ಟಿದ್ದರೆ ಇನ್ನೊಂದು ದಾರಿಯೂ ಇದೆ, ಇದು ಎಷ್ಟೋ ವಕೀಲೆಯರಿಗೇ ಗೊತ್ತಿಲ್ಲ: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಮಹಿಳೆಯರಿಗೆ ಉಚಿತ ಕಾನೂನು ನೆರವು ಆದಾಯ ನೋಡದೆ ಸಿಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೂ ಹಾಗೆಯೇ. ಆ ಕಾಯ್ದೆಯಲ್ಲಿ ಕೋರ್ಟ್ ಅಂದರೆ ನ್ಯಾಯ ತೀರ್ಮಾನ ಮಾಡುವ ಇತರ ಪ್ರಾಧಿಕಾರಗಳೂ ಸೇರುತ್ತವೆ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ರಾಜ್ಯ ಪ್ರಾಧಿಕಾರದ ಕಚೇರಿ ಇದೆ. ವಕೀಲೆ ಎಂಬ ಕಾರಣಕ್ಕೆ ಕೇಳಲು ನಾಚಿಕೆಪಡಬೇಕಾಗಿಲ್ಲ.

ನೋಟಿಸಿನಲ್ಲಿ ಕೊಟ್ಟ ಗಡುವು ಸಾಲದಿದ್ದರೆ ಅದು ಮುಗಿಯುವ ಮುಂಚೆಯೇ ಬರವಣಿಗೆಯಲ್ಲಿ ಸಮಯ ಕೇಳಿ, ಸ್ವೀಕೃತಿ ಪಡೆದುಕೊಳ್ಳಿ. ಸುಮ್ಮನಿದ್ದು ಆಮೇಲೆ ಸಮಿತಿಯ ಮುಂದೆಯೂ ಹೋಗದಿದ್ದರೆ ನೀವಿಲ್ಲದೆಯೇ ವಿಚಾರಣೆ ನಡೆಯಬಹುದು.

ಪ್ರಶ್ನೆ: ನನ್ನದು ನಾಲ್ಕು ವರ್ಷದ ಪ್ರಾಕ್ಟೀಸ್. ಒಂದೇ ಆಫೀಸಿನಲ್ಲಿ ನನ್ನ ಜೊತೆ ಜೂನಿಯರ್ ಆಗಿದ್ದ ಗೆಳೆಯನ ಮೇಲೆ ಶಿಸ್ತು ಸಮಿತಿಯಲ್ಲಿ ಕೇಸ್ ನಡೆಯುತ್ತಿದೆ. 'ನೀನೇ ವಕಾಲತ್ತು ಹಾಕು, ಬೇರೆಯವರನ್ನು ನಂಬಲ್ಲ' ಅನ್ನುತ್ತಿದ್ದಾನೆ. ಹಾಕಬಹುದಾ? — ಯಲಹಂಕ

ಉತ್ತರ: ಇಷ್ಟು ವರ್ಷ ಆಗಿರಬೇಕು ಎಂಬ ನಿಯಮ ಇಲ್ಲ, ಹಾಕಬಹುದು. ವಕಾಲತ್ತಿನಲ್ಲಿ ನೀವು ಯಾವ ಬಾರ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಿದ್ದೀರಿ, ನಿಮ್ಮ ವಿಳಾಸ, ಫೋನ್, ನೋಟಿಸ್ ಕಳಿಸಬೇಕಾದ ವಿಳಾಸ ಇರಬೇಕು. ಆ ವಿಳಾಸವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಮಿತಿ ಬೇರೆ ರೀತಿ ಹೇಳದಿದ್ದರೆ ನಿಮಗೆ ನೋಟಿಸ್ ಮುಟ್ಟಿದರೆ ಗೆಳೆಯನಿಗೂ ಮುಟ್ಟಿದ ಹಾಗೆಯೇ. ಬಾಡಿಗೆ ಮನೆ ಬದಲಿಸಿ ಹೇಳಲು ಮರೆತರೆ ಹೋಗುವುದು ಅವನ ಸನ್ನದು.

ಆದರೆ ನನ್ನ ಚಿಂತೆ ಬೇರೆ. ಇಬ್ಬರೂ ಒಂದೇ ಆಫೀಸಿನಲ್ಲಿ ಇದ್ದಿರಿ ಅನ್ನುತ್ತೀರಿ. ದೂರಿನಲ್ಲಿರುವ ಸಂಗತಿ ಆ ಕಾಲದ್ದೇ? ಹಾಗಿದ್ದರೆ ನೀವು ಅವನ ಪರ ಸಾಕ್ಷಿ ಹೇಳಬೇಕಾಗಬಹುದು. ಸಾಕ್ಷಿ ಆಗುವ ಸಾಧ್ಯತೆ ಇರುವ ವಿಷಯದಲ್ಲಿ ವಕೀಲರು ವಕಾಲತ್ತು ಹಿಡಿಯಬಾರದು ಎಂಬುದು ನಮ್ಮ ನಿಯಮ. ಗೆಳೆಯನಿಗೆ ನೀವು ಮಾಡಬಹುದಾದ ದೊಡ್ಡ ಸಹಾಯ ಅಂದರೆ ಅನುಭವ ಇರುವವರ ಹತ್ತಿರ ಅವನನ್ನು ಕರೆದುಕೊಂಡು ಹೋಗುವುದು, ದಾಖಲೆ ಜೋಡಿಸಿಕೊಡುವುದು, ವಿಚಾರಣೆಯ ದಿನ ಹೊರಗೆ ಬೆಂಚಿನ ಮೇಲೆ ಅವನ ಜೊತೆ ಕೂರುವುದು. ಇಂಥ ಹೊತ್ತಿನಲ್ಲಿ ಮನುಷ್ಯ ಊಟ ಬಿಡುತ್ತಾನೆ, ನಿದ್ದೆ ಬಿಡುತ್ತಾನೆ. ಅದನ್ನು ಗಮನಿಸಲು ವಕಾಲತ್ತು ಹಾಕುವ ವಕೀಲರಿಗೆ ಆಗುವುದಿಲ್ಲ, ನಿಮಗೆ ಆಗುತ್ತದೆ. ಡೆಸಿಗ್ನೇಟೆಡ್ ಸೀನಿಯರ್ (ಕೋರ್ಟ್ 'ಹಿರಿಯ ವಕೀಲರು' ಎಂದು ಗುರುತಿಸಿದವರು) ಒಬ್ಬರನ್ನು ಕರೆಯುವ ಯೋಚನೆ ಇದ್ದರೆ, ಅವರು ವಕಾಲತ್ತು ಹಾಕಿದ ಇನ್ನೊಬ್ಬ ವಕೀಲರ ಜೊತೆಗೇ ಬರಬೇಕು ಎಂಬುದು ನೆನಪಿರಲಿ.

ಪ್ರಶ್ನೆ: ನಮ್ಮ ಯಜಮಾನರು ವಕೀಲರು. ಕಳೆದ ವಾರ ಆರು ತಿಂಗಳ ಮಟ್ಟಿಗೆ ಸನ್ನದು ಅಮಾನತು ಮಾಡಿ ಆದೇಶ ಬಂದಿದೆ. ಮನೆಯಿಂದ ಹೊರಗೆ ಬರುತ್ತಿಲ್ಲ. 'ಮೇಲ್ಮನವಿ ಹಾಕುತ್ತೇನೆ, ಅಲ್ಲಿವರೆಗೆ ಕೋರ್ಟಿಗೆ ಹೋಗುತ್ತೇನೆ' ಎಂದು ಒಮ್ಮೆ ಅನ್ನುತ್ತಾರೆ, 'ಎಲ್ಲಾ ಬಿಟ್ಟು ಊರಿಗೆ ಹೋಗೋಣ' ಎಂದು ಇನ್ನೊಮ್ಮೆ. ನಾನು ಏನು ಮಾಡಲಿ? — ಗೃಹಿಣಿ, ಬಸವನಗುಡಿ

ಉತ್ತರ: ಅಮ್ಮಾ, ಮೊದಲು ಇವತ್ತೇ ಆದೇಶ ಕೈಗೆ ಬಂದ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಅಲ್ಲಿಂದ 60 ದಿನದ ಒಳಗೆ ಬಾರ್ ಕೌನ್ಸಿಲ್ ಆಫ್ ಇಂಡಿಯಾಕ್ಕೆ ಮೇಲ್ಮನವಿ ಹಾಕಬೇಕು. ಅದು ದೆಹಲಿಯಲ್ಲಿ. ಅಲ್ಲೂ ಸರಿಹೋಗದಿದ್ದರೆ ಮತ್ತೆ 60 ದಿನದೊಳಗೆ ಸುಪ್ರೀಂ ಕೋರ್ಟ್.

ಮೇಲ್ಮನವಿ ಹಾಕಿದ ಮಾತ್ರಕ್ಕೆ ಅಮಾನತು ನಿಲ್ಲುವುದಿಲ್ಲ. ತಡೆಯಾಜ್ಞೆ ಬೇಕು ಎಂದು ಬೇರೆಯಾಗಿ ಅರ್ಜಿ ಹಾಕಿ ಪಡೆದುಕೊಳ್ಳಬೇಕು. ಅದು ಕೈಗೆ ಬರುವವರೆಗೆ ಯಜಮಾನರು ಯಾವ ಕೋರ್ಟಿಗೂ ವಕೀಲರಾಗಿ ಹೋಗುವಂತಿಲ್ಲ, ಭಾರತದಲ್ಲಿ ಎಲ್ಲಿಯೂ. ಹಕ್ಕಿಲ್ಲದೆ ವಕಾಲತ್ತು ನಡೆಸಿದರೆ ಆರು ತಿಂಗಳವರೆಗೆ ಜೈಲು ಶಿಕ್ಷೆ ಕೊಡಬಹುದಾದ ಕಲಮು ಅದೇ ಕಾಯ್ದೆಯಲ್ಲಿದೆ. ಒಂದು ಸಣ್ಣ ಮೆಮೊ ಹಾಕಲು ಕೂಡ ಹೋಗಬಾರದು ಎಂದು ಕೈ ಹಿಡಿದು ಹೇಳಿ.

ವಕೀಲರ ವಿಷಯಕ್ಕೆ ಬಂದರೆ, ಇಲ್ಲಿ ಅವರ ಕೇಸ್ ನಡೆಸಿದವರೇ ದೆಹಲಿಯಲ್ಲೂ ನಡೆಸಬೇಕು ಎಂದೇನಿಲ್ಲ. ಹೊಸ ಕಣ್ಣಿನಿಂದ ಓದುವವರು ಬೇಕು. ಸಮಿತಿ ಸಾಕ್ಷ್ಯವನ್ನು ಹೇಗೆ ನೋಡಿದೆ, ಶಿಕ್ಷೆ ತಪ್ಪಿಗೆ ಸಮನಾಗಿದೆಯಾ, ಹಿಂದೆ ಇಂಥದ್ದಕ್ಕೆ ಏನು ಶಿಕ್ಷೆ ಕೊಟ್ಟಿದ್ದಾರೆ ಎಂದು ಹೋಲಿಸಿ ಬರೆಯಬಲ್ಲವರು. ಕಾಯ್ದೆಯಲ್ಲಿ ಶಿಕ್ಷೆ ಮೂರು ಬಗೆ: ಛೀಮಾರಿ, ಅಮಾನತು, ಪಟ್ಟಿಯಿಂದಲೇ ಹೆಸರು ತೆಗೆಯುವುದು. ನಡುವಿನದನ್ನು ಮೊದಲನೆಯದಕ್ಕೆ ಇಳಿಸಿದ ಉದಾಹರಣೆ ಇದೆ, ಮೇಲಿನ ಉತ್ತರದಲ್ಲಿ ಒಂದನ್ನು ಹೇಳಿದ್ದೇನೆ. 1978ರಲ್ಲಿ ಸುಪ್ರೀಂ ಕೋರ್ಟ್ ಒಬ್ಬ ವಕೀಲರ ಅಮಾನತು ಕಡಿಮೆ ಮಾಡಿ, ಬಡವರಿಗೆ ಉಚಿತ ಕಾನೂನು ನೆರವಿನ ಕೆಲಸ ಮಾಡು ಎಂದು ಕಳಿಸಿತ್ತು. ಶಿಕ್ಷೆ ಮನುಷ್ಯನನ್ನು ತಿದ್ದಬೇಕು ಎಂಬುದು ಅಲ್ಲಿನ ಮಾತು. ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಗಿ ಬಂದರೆ ಅಲ್ಲಿ ಅಡ್ವೊಕೇಟ್ ಆನ್ ರೆಕಾರ್ಡ್ (ಅಲ್ಲಿ ಅರ್ಜಿ ಹಾಕಲು ನೋಂದಣಿ ಆಗಿರುವ ವಕೀಲರು) ಮೂಲಕವೇ ಅರ್ಜಿ ಹೋಗಬೇಕು, ಆ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇಷ್ಟರ ನಡುವೆ ಯಜಮಾನರನ್ನು ನಂಬಿದ ಕಕ್ಷಿದಾರರು ಇದ್ದಾರೆ. ಮುಂದಿನ ತಾರೀಖುಗಳ ಪಟ್ಟಿ ಮಾಡಿ, ಪ್ರತಿಯೊಬ್ಬರಿಗೂ ಫೋನ್ ಮಾಡಿ, ಬೇರೆ ವಕೀಲರಿಗೆ ವಕಾಲತ್ತು ಬದಲಿಸಲು ಎನ್‌ಓಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಫೈಲ್ ಕೊಟ್ಟುಬಿಡಲಿ. ಪಟ್ಟಿ ಮಾಡಲು ನೀವು ಜೊತೆಗೆ ಕೂರಿ. ಅವರು ಹಾಸಿಗೆಯಿಂದ ಎದ್ದು ಕೂರಲು ಅದೂ ಒಂದು ಕಾರಣವಾಗುತ್ತದೆ. ಮೌನ ಹೀಗೇ ಮುಂದುವರಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ತಡ ಮಾಡಬೇಡಿ.

ಪ್ರಶ್ನೆ: ನನ್ನ ಕಕ್ಷಿದಾರರಲ್ಲ, ಎದುರು ಕಡೆಯವರು ನನ್ನ ಮೇಲೆ ದೂರು ಕೊಟ್ಟಿದ್ದಾರೆ. ಅಫಿಡವಿಟ್‌ನಲ್ಲಿ ಸಹಿ ಮಾಡಿದವರನ್ನು ನಾನು ಗುರುತಿಸಿದ್ದೇ ತಪ್ಪಂತೆ. ಇದಕ್ಕೂ ವಕೀಲರು ಬೇಕಾ? — ಮಲ್ಲೇಶ್ವರ

ಉತ್ತರ: ಬೇಕು, ಆದರೆ ಧೈರ್ಯವಾಗಿರಿ. ಸರಿಸುಮಾರು ಇದೇ ಸಂಗತಿಯ ಒಂದು ಪ್ರಕರಣ ಮಹಾರಾಷ್ಟ್ರದಿಂದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಫಿಡವಿಟ್ ಮಾಡಿದವರನ್ನು ಗುರುತಿಸಿದ ಮಾತ್ರಕ್ಕೆ ವಕೀಲರು ಅದರೊಳಗಿನ ಮಾತಿಗೆ ಹೊಣೆಯಾಗುವುದಿಲ್ಲ ಎಂದು 2025ರ ಸೆಪ್ಟೆಂಬರ್‌ನಲ್ಲಿ ಕೋರ್ಟ್ ಹೇಳಿತು, ಅಂಥ ದೂರನ್ನು ಮುಂದುವರಿಸಿದ ಅಲ್ಲಿನ ಬಾರ್ ಕೌನ್ಸಿಲ್ ಮೇಲೆ ವೆಚ್ಚವನ್ನೂ ಹಾಕಿತು. ಈ ತೀರ್ಪನ್ನು ಇಟ್ಟುಕೊಂಡು ಮೊದಲ ವಿವರಣೆಯಲ್ಲೇ ದೂರು ಕೈಬಿಡಿ ಎಂದು ಕೇಳಲು ನಿಮ್ಮ ವಕೀಲರಿಗೆ ಹೇಳಿ. ಎದುರು ಕಕ್ಷಿಯವರಿಗೆ ಫೋನ್ ಮಾಡಿ ಜಗಳ ಆಡಬೇಡಿ.

ಪ್ರಶ್ನೆ: ನಾನು ವಕೀಲನಲ್ಲ. ನನ್ನ ವಕೀಲರು ಪರಿಹಾರದ ಹಣ ಕೊಡಲಿಲ್ಲ ಎಂದು ಬಾರ್ ಕೌನ್ಸಿಲ್‌ಗೆ ದೂರು ಕೊಟ್ಟು ಒಂದು ವರ್ಷ ಎರಡು ತಿಂಗಳಾಯಿತು. ಅವರ ವಿರುದ್ಧ ನಿಲ್ಲಲು ಬೆಂಗಳೂರಿನಲ್ಲಿ ಯಾವ ವಕೀಲರೂ ಒಪ್ಪುತ್ತಿಲ್ಲ. — ವಿಜಯನಗರ

ಉತ್ತರ: ನಿಮ್ಮ ಪತ್ರ ಓದಿ ಬೇಜಾರಾಯಿತು. ಸಹೋದ್ಯೋಗಿಯ ವಿರುದ್ಧ ನಿಲ್ಲುವುದು ಹೇಗೆ ಎಂಬ ಹಿಂಜರಿಕೆ ನಮ್ಮ ವೃತ್ತಿಯಲ್ಲಿ ಇದೆ, ಅದು ಸರಿಯಲ್ಲ. ತಾವು ಪ್ರಾಕ್ಟೀಸ್ ಮಾಡುವ ಕಡೆ ಬಂದ ಕೇಸನ್ನು ತಕ್ಕ ಫೀಸ್ ಕೊಟ್ಟರೆ ತೆಗೆದುಕೊಳ್ಳಬೇಕು, ವಿಶೇಷ ಕಾರಣವಿದ್ದರೆ ಮಾತ್ರ ಬೇಡ ಅನ್ನಬಹುದು ಎಂಬುದು ವಕೀಲರ ನಿಯಮ. ಇಂಥವರ ಪರ ಯಾರೂ ನಿಲ್ಲಬಾರದು ಎಂದು ವಕೀಲರ ಸಂಘಗಳು ನಿರ್ಣಯ ಮಾಡುವುದೇ ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ.

ವಕೀಲರು ಇಲ್ಲದಿದ್ದರೂ ನೀವೇ ಹಾಜರಾಗಬಹುದು. ಸಹಾಯಕ್ಕೆ ಒಬ್ಬ ಅಮಿಕಸ್ (ಸಮಿತಿಗೆ ನೆರವಾಗುವ ವಕೀಲರು) ನೇಮಿಸಿ ಎಂದು ಸಮಿತಿಗೆ ಬರೆದು ಕೇಳಿ, ನೇಮಿಸುವ ಅಧಿಕಾರ ಅದಕ್ಕೆ ಇದೆ. ತುಮಕೂರು, ರಾಮನಗರದ ಕಡೆಯ ವಕೀಲರನ್ನೂ ವಿಚಾರಿಸಿ, ಪರಿಚಯದ ಮುಲಾಜು ಅಲ್ಲಿ ಕಡಿಮೆ.

ಇನ್ನು ಅವಧಿಯ ವಿಷಯ. ದೂರು ಬಂದ ಒಂದು ವರ್ಷದೊಳಗೆ ರಾಜ್ಯ ಬಾರ್ ಕೌನ್ಸಿಲ್ ತೀರ್ಮಾನ ಮಾಡಬೇಕು, ಇಲ್ಲದಿದ್ದರೆ ಪ್ರಕರಣ ಬಾರ್ ಕೌನ್ಸಿಲ್ ಆಫ್ ಇಂಡಿಯಾಕ್ಕೆ ವರ್ಗವಾಗುತ್ತದೆ. ಕಾಯ್ದೆಯ 36ಬಿ ಕಲಮು. ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಒಂದು ವರ್ಷದ ಗಡುವನ್ನು ಪಾಲಿಸಲೇಬೇಕು ಎಂದು ಒತ್ತಿ ಹೇಳಿತು. ಅಂಬೇಡ್ಕರ್ ವೀಧಿಯ ಹಳೆ ಕೆಜಿಐಡಿ ಕಟ್ಟಡದಲ್ಲಿರುವ ಬಾರ್ ಕೌನ್ಸಿಲ್ ಕಚೇರಿಗೆ ಹೋಗಿ ನಿಮ್ಮ ದೂರಿನ ನಂಬರ್ ಹೇಳಿ, ಕಡತ ದೆಹಲಿಗೆ ಹೋಗಿದೆಯಾ ಎಂದು ಲಿಖಿತವಾಗಿ ಕೇಳಿ. ಹೋಗಿದ್ದರೆ ಅಲ್ಲಿಯ ನಂಬರ್ ಪಡೆದುಕೊಳ್ಳಿ, ಮುಂದಿನ ಪತ್ರಗಳನ್ನೆಲ್ಲ ಅಲ್ಲಿಗೇ ಕಳಿಸಿ.